ಉಪ್ಸಾಲಾದ ಗೆಳೆಯರು ಇವತ್ತು ತುಂಬಾ ನೆನಪಾದರು

ಧಾರವಾಡ
30 ಏಪ್ರಿಲ್ 2025, ಬುಧವಾರ

ಇವತ್ತು ಬಸವ ಜಯಂತಿ. ಆಫೀಸಿಗೆ ರಜೆ. ಮನೆ ತುಂಬ ಶೇಂಗಾ ಹೋಳಿಗೆಯ ವಾಸನೆ. ನನ್ನ ಮನಸ್ಸು ಮಾತ್ರ ಬೆಳಗಿನಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅಲ್ಲಿ ಇವತ್ತು ವಾಲ್ಬೊರಿ. ಚಳಿಗಾಲ ಮುಗೀತು, ವಸಂತ ಬಂತು ಅಂತ ಇಡೀ ಊರು ಬೀದಿಗಿಳಿಯುವ ದಿನ. 2023ರಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ನಾನೂ ಅಲ್ಲಿದ್ದೆ.

ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಕೂತಾಗ ಅಲ್ಲಿ ಬೆಳಗಿನ ಹತ್ತು ಗಂಟೆ. ಫೀರಿಸ್ ನದಿಯಲ್ಲಿ ತೆಪ್ಪಗಳು ಹೊರಡುವ ಹೊತ್ತು. ಎಂಜಿನಿಯರಿಂಗ್ ಓದುವವರು ತಾವೇ ತೆಪ್ಪ ಕಟ್ಟುತ್ತಾರೆ. ಏನೇನೋ ವೇಷ ಹಾಕಿಕೊಂಡು ಅದರ ಮೇಲೆ ಕೂತು ಊರ ನಡುವಿನಿಂದ ಹಾಯುತ್ತಾರೆ. ದಾರಿಯಲ್ಲಿ ನೀರು ಧುಮುಕುವ ಜಾಗ ಬಂದಾಗ ಎಷ್ಟೋ ತೆಪ್ಪ ಅಲ್ಲೇ ಮುರಿದು ಹುಡುಗರೆಲ್ಲ ನೀರಿಗೆ. ಏಪ್ರಿಲ್ ಅಂದರೂ ಆ ನೀರು ಕೈ ಇಟ್ಟರೆ ಮರಗಟ್ಟುವಷ್ಟು ತಣ್ಣಗಿರುತ್ತದೆ. ಆವತ್ತು ದಂಡೆಯ ಮೇಲೆ ಅಷ್ಟು ಜನ. ನನಗೆ ಕಾಣಲಿ ಅಂತ ಸ್ಪೇನಿನ ಗೆಳೆಯ ಒಂದು ಕಲ್ಲಿನ ಕಟ್ಟೆ ಹತ್ತಿಸಿ, ಬೀಳದಂತೆ ಕೋಟಿನ ತುದಿ ಹಿಡಿದು ನಿಂತಿದ್ದ. ಕೊರಿಯಾದ ಗೆಳತಿ ಫ್ಲಾಸ್ಕಿನಲ್ಲಿ ಬಾರ್ಲಿ ಟೀ ತಂದಿದ್ದಳು. ಒಂದೇ ಮುಚ್ಚಳದಲ್ಲಿ ಎಲ್ಲರೂ ಕುಡಿದಿದ್ದೆವು.

(ಅವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ. ಅದಕ್ಕೇ ಊರು ದೇಶದ ಮೇಲೇ ಹೇಳ್ತಿದೀನಿ. ಇನ್ನಿಬ್ಬರು ಜರ್ಮನಿಯವಳು, ಮೆಕ್ಸಿಕೊದವಳು.)

ತಟ್ಟೆ ಮುಂದೆ ಸುಮ್ನೆ ಕೂತದ್ದು ನೋಡಿ ಅವ್ವ ಕೇಳಿದಳು, “ಐದಾರು ತಿಂಗಳ ಗೆಳೆತನಕ್ಕ ಇಷ್ಟ್ಯಾಕ ಹಚ್ಚಿಕೊಂಡೀ ನೀ?”

ಆಗ ಉತ್ತರ ಹೊಳೆಯಲಿಲ್ಲ. ಈಗ ರಾತ್ರಿ ಕೂತು ಬರೀತಿದೀನಿ.

ನಾನು ಉಪ್ಸಾಲಾಕ್ಕೆ ಹೋದದ್ದು ಜನವರಿ ನಡುವೆ. ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಿದ್ದ. ವಿಶ್ವವಿದ್ಯಾಲಯ 1477ರದ್ದು, ಆ ಕಡೆಯ ದೇಶಗಳಲ್ಲೇ ಅತಿ ಹಳೆಯದು. ಮೊದಲ ವಾರ ಅದರ ಚಂದ ನೋಡುವ ಮನಸ್ಸೇ ಇರಲಿಲ್ಲ. ನನಗೆ ರೂಮ್ ಸಿಕ್ಕಿದ್ದು ಫ್ಲೊಗ್ಸ್ತಾದಲ್ಲಿ. ಊರ ಪಶ್ಚಿಮಕ್ಕೆ ಇರುವ ಎತ್ತರದ ಸ್ಟೂಡೆಂಟ್ ಕಟ್ಟಡಗಳು ಅವು. ಒಂದು ಕಾರಿಡಾರಿನಲ್ಲಿ ಹನ್ನೆರಡು ರೂಮು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ನಾವು ಐವರು ಗೆಳೆಯರಾದದ್ದು ಆ ಅಡುಗೆಮನೆಯಲ್ಲೇ, ಕ್ಲಾಸಿನಲ್ಲಿ ಅಲ್ಲ.

ಆ ಒಲೆಗೆ ಒಂದು ಟೈಮರ್ ಇತ್ತು. ಗುಂಡಿ ತಿರುಗಿಸಿದರೆ ಮಾತ್ರ ಕರೆಂಟು. ಹೊತ್ತು ಮುಗಿದರೆ ತಾನೇ ಆರಿಹೋಗುತ್ತಿತ್ತು. ನಾನು ಚಪಾತಿ ಲಟ್ಟಿಸುತ್ತಿದ್ದರೆ ಯಾರೋ ಒಬ್ಬರು ಹೇಳದೆಯೇ ಎದ್ದು ಹೋಗಿ ಟೈಮರ್ ತಿರುಗಿಸುತ್ತಿದ್ದರು. ಓದುತ್ತ ಕೂತವರು ಪುಸ್ತಕದಿಂದ ತಲೆ ಎತ್ತದೆ ಕೈ ಚಾಚಿ ತಿರುಗಿಸುತ್ತಿದ್ದರು. ನನಗೆ ಅಲ್ಲಿ ಮನೆಯ ಹಾಗೆ ಅನಿಸಿದ್ದು ಆ ಕೈ ನೋಡಿದಾಗಲೇ.

ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಕೊರಿಯಾದವಳು ಬಿಸಿ ಅನ್ನಕ್ಕೆ ಕಲಸಿ ತಿನ್ನುತ್ತಿದ್ದಳು. ಸ್ಪೇನಿನವನು ಬ್ರೆಡ್ಡಿಗೆ ಎಣ್ಣೆ ಹಾಕಿ ಮೇಲೆ ಉದುರಿಸಿಕೊಳ್ಳುತ್ತಿದ್ದ. ಅವರು ನಮ್ಮ ಏಲಕ್ಕಿಯನ್ನು ಮೊದಲು ಮೂಸಿದಾಗ ಜರ್ಮನಿಯವಳು, “ಇದು ಇಲ್ಲಿನ ಬನ್ನಿನ ವಾಸನೆ ಅಲ್ವಾ?” ಅಂದಳು. ಹೌದು, ಸ್ವೀಡನ್ನಿನವರು ಬನ್ನಿನ ಹಿಟ್ಟಿಗೇ ಏಲಕ್ಕಿ ಹಾಕುತ್ತಾರೆ. ಫೋನಿನಲ್ಲಿ ಹಾವೇರಿಯ ಏಲಕ್ಕಿ ಮಾಲೆ ತೋರಿಸಿದೆ. ಏಲಕ್ಕಿಯಲ್ಲಿ ಹಾರ ಮಾಡುತ್ತಾರೆ ಅಂತ ಅವರು ನಂಬಲೇ ಇಲ್ಲ.

ರಾತ್ರಿ ಹತ್ತು ಗಂಟೆಗೆ ಫ್ಲೊಗ್ಸ್ತಾದಲ್ಲಿ ಎಲ್ಲರೂ ಕಿಟಕಿ ತೆಗೆದು ಜೋರಾಗಿ ಕಿರುಚುತ್ತಾರೆ. ಬಹಳ ವರ್ಷಗಳಿಂದ ನಡೆದು ಬಂದದ್ದು ಇದು. ಒಂದು ಕಿಟಕಿಯಿಂದ ಶುರುವಾಗಿ ಎದುರಿನ ಕಟ್ಟಡದವರು ಉತ್ತರ ಕೊಟ್ಟು, ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಮೊದಲ ರಾತ್ರಿ ನಾನು ಹೆದರಿ ಕಾರಿಡಾರಿಗೆ ಓಡಿ ಬಂದೆ. ಅದೇ ಹೆದರಿಕೆಯಲ್ಲಿ ಮೆಕ್ಸಿಕೊದವಳೂ ತನ್ನ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಪರಿಚಯ ಆದದ್ದು ಹಾಗೆ. ಒಂದು ವಾರ ಕಳೆಯುವಷ್ಟರಲ್ಲಿ ನಾವಿಬ್ಬರೂ ಒಂದೇ ಕಿಟಕಿಯಲ್ಲಿ ತಲೆ ಹಾಕಿ ಕಿರುಚುತ್ತಿದ್ದೆವು.

ಧಾರವಾಡದಲ್ಲಿ ಯಾರು ಸಿಕ್ಕರೂ ಮೊದಲ ಮಾತು, “ನೀ ಯಾರ ಪೈಕಿ?” ಅಪ್ಪನ ಹೆಸರು, ಓಣಿ, ಮನೆತನ ಹೇಳಿದ ಮೇಲೆ ಮುಂದಿನ ಮಾತು. ಅದರಲ್ಲಿ ಪ್ರೀತಿ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನಾಲ್ವರು ಅದನ್ನು ಕೇಳಲೇ ಇಲ್ಲ. ಅಪ್ಪ ಏನು ಮಾಡುತ್ತಾರೆ, ಪಿಯುಸಿಯಲ್ಲಿ ಎಷ್ಟು ಬಂತು, ಮದುವೆ ಯಾವಾಗ, ಒಂದೂ ಇಲ್ಲ. ಅವರು ನೋಡಿದ್ದು ಎದುರಿಗೆ ಕೂತ ನನ್ನನ್ನು. ನಾನು ಅಷ್ಟು ಜೋರಾಗಿ ನಗುತ್ತೇನೆ, ಅಷ್ಟು ಬಿಚ್ಚಿ ಮಾತಾಡುತ್ತೇನೆ ಅಂತ ನನಗೂ ಅಲ್ಲೇ ಗೊತ್ತಾದದ್ದು. ಅವರ ಜೊತೆ ಆ ಹುಡುಗಿಯೂ ನೆನಪಾಗುತ್ತಾಳೆ.

ಇನ್ನೊಂದು ಸಂಕಟ ಅವ್ವನಿಗೆ ಹೇಳಲು ಬಾರದ್ದು. ಊರು ಬಿಟ್ಟು ಬೆಂಗಳೂರಿಗೆ ಹೋದವರಿಗೆ ಊರಲ್ಲಿ ಗೆಳೆಯರು ಇದ್ದೇ ಇರುತ್ತಾರೆ. ದೀಪಾವಳಿಗೆ ಬಸ್ಸು ಹತ್ತಿ ಬಂದರೆ ಸಿಗುತ್ತಾರೆ. ನಮ್ಮದು ಹಾಗಲ್ಲ. ಜೂನ್ ಬಂತು, ಸೆಮಿಸ್ಟರ್ ಮುಗೀತು. ಆರ್ಲಾಂಡ ಏರ್‌ಪೋರ್ಟಿನ 801 ಬಸ್ಸಿಗೆ ಒಬ್ಬೊಬ್ಬರನ್ನೇ ಹತ್ತಿಸಿ ಬಂದೆವು. ಫ್ರಿಜ್ಜಿನಲ್ಲಿ ಹೋದವರ ಖಾನೆಗಳು ಖಾಲಿಯಾಗುತ್ತ ಬಂದವು. ಈಗ ನಾನು ಉಪ್ಸಾಲಾಕ್ಕೆ ಹೋದರೂ ಅಲ್ಲಿ ನಮ್ಮವರು ಯಾರೂ ಇಲ್ಲ. ಆ ಅಡುಗೆಮನೆಯಲ್ಲಿ ಬೇರೆ ಹುಡುಗರು ಟೈಮರ್ ತಿರುಗಿಸುತ್ತಿರುತ್ತಾರೆ.

ಕಳೆದ ವರ್ಷ ಅವರು ನಾಲ್ವರೂ ಬರ್ಲಿನ್ನಿನಲ್ಲಿ ಸೇರಿದರು. ಜರ್ಮನಿ, ಸ್ಪೇನಿನವರಿಗೆ ಅದು ತಮ್ಮದೇ ಯುರೋಪ್ ಒಕ್ಕೂಟ. ಕೊರಿಯಾ, ಮೆಕ್ಸಿಕೊದವರಿಗೆ ತೊಂಬತ್ತು ದಿನದವರೆಗೆ ವೀಸಾ ಬೇಡ. ನನಗೊಬ್ಬಳಿಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ವೀಸಾ, ಬೇಕು. ಅಪಾಯಿಂಟ್‌ಮೆಂಟು, ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ರಜೆ ಪತ್ರ. ಫೀಸು 2024ರ ಜೂನ್‌ನಲ್ಲಿ 80 ಯೂರೊದಿಂದ 90ಕ್ಕೆ ಏರಿತು. ಟಿಕೆಟ್ಟು ಬೇರೆ. ಕೆಲಸಕ್ಕೆ ಸೇರಿದ ಹೊಸತು, ಆಗಲಿಲ್ಲ. ಅವರು ಕಳಿಸಿದ ಫೋಟೊದಲ್ಲಿ ಮೇಜಿನ ಸುತ್ತ ಒಂದು ಖಾಲಿ ಕುರ್ಚಿ ಇಟ್ಟಿದ್ದರು. ಅದನ್ನು ನೋಡಿ ಅತ್ತುಬಿಟ್ಟೆ. ಯಾರು ಯಾರನ್ನು ಎಷ್ಟು ಸುಲಭವಾಗಿ ನೋಡಬಹುದು ಅನ್ನುವುದನ್ನು ಪಾಸ್‌ಪೋರ್ಟು ತೀರ್ಮಾನಿಸುತ್ತದೆ. ಅದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನಿಸುತ್ತದೆ.

ಸಂಜೆ ಆರೂವರೆ. ಅಲ್ಲಿ ಮಧ್ಯಾಹ್ನದ ಮೂರು. ಕರೊಲೀನಾ ರೆಡಿವೀವಾ ಲೈಬ್ರರಿಯ ಬಾಲ್ಕನಿಯಿಂದ ವಿಶ್ವವಿದ್ಯಾಲಯದ ಮುಖ್ಯಸ್ಥರು ಬಿಳಿ ಟೊಪ್ಪಿಗೆ ಬೀಸುತ್ತಾರೆ. ಕೆಳಗೆ ನಿಂತ ಸಾವಿರಾರು ಜನ ತಮ್ಮ ಟೊಪ್ಪಿಗೆ ಬೀಸಿ ಹಾಕಿಕೊಳ್ಳುತ್ತಾರೆ. ಸರಿಯಾಗಿ ಆ ನಿಮಿಷಕ್ಕೆ ಗ್ರೂಪಿನಲ್ಲಿ ಸ್ಪೇನಿನವನ ಫೋಟೊ ಬಂತು. 2023ರ ನಮ್ಮ ಫೋಟೊ. ಟೊಪ್ಪಿಗೆ ಇಲ್ಲದ ನಾವು ಐವರೂ ಮಫ್ಲರ್ ಬೀಸುತ್ತಿದ್ದೇವೆ. ಅವನೂ ಗಡಿಯಾರ ನೋಡುತ್ತ ಕೂತಿದ್ದ ಅಂತಾಯಿತು. ಕೊರಿಯಾದ ಸಿಯೋಲ್‌ನಲ್ಲಿ ಆಗ ರಾತ್ರಿ ಹತ್ತು. ಕೊರಿಯಾದವಳು ದಿಂಬಿಗೆ ಬಾಯಿ ಒತ್ತಿ ಕಿರುಚಿದ ವಾಯ್ಸ್ ಮೆಸೇಜ್ ಕಳಿಸಿದಳು. ಮೆಕ್ಸಿಕೊದಲ್ಲಿ ಬೆಳಗಿನ ಏಳು. ಅವಳು ಎದ್ದವಳೇ ಉತ್ತರ ಕೊಟ್ಟಳು. ನಡುವೆ ಎಷ್ಟೋ ವಾರ ಆ ಗ್ರೂಪಿನಲ್ಲಿ ಒಂದು ಮಾತೂ ಇರುವುದಿಲ್ಲ. ಮರೆತರೇನೋ ಅಂತ ನಾನು ಒಳಗೊಳಗೇ ಕೊರಗುತ್ತಿದ್ದೆ.

ತಡಮಾಡದೆ ಬರೆದೆ: ಈ ಸಲ ನೀವು ಬನ್ನಿ. ಭಾರತಕ್ಕೆ ಬರಲು ಆ ನಾಲ್ಕೂ ದೇಶದವರಿಗೆ ಆನ್‌ಲೈನಿನಲ್ಲೇ ಇ-ವೀಸಾ ಸಿಗುತ್ತದೆ. ಜನವರಿಯಲ್ಲಿ ಧಾರವಾಡದ ಹವೆ ಚೆನ್ನಾಗಿರುತ್ತದೆ. ದಾಂಡೇಲಿ ಹತ್ತಿರ, ಹಂಪಿಗೂ ಹೋಗಬಹುದು, ಹಾವೇರಿಯ ಏಲಕ್ಕಿ ಮಾಲೆ ಕಣ್ಣಾರೆ ನೋಡಬಹುದು. ಮೂವರು ಆಗಲೇ ಹೂಂ ಅಂದಿದ್ದಾರೆ. ಜರ್ಮನಿಯವಳು ರಜೆ ಕೇಳಬೇಕಂತೆ. ನಾಳೆ ಮೇ 1, ಐದೂ ಕಡೆ ರಜೆ. ಸಂಜೆ ಏಳಕ್ಕೆ ಕರೆ ಮಾಡಿ ತಾರೀಕು ಗೊತ್ತು ಮಾಡುತ್ತೇವೆ.

ಅವ್ವನಿಗೆ ಹೇಳಿದೆ. ಎಲ್ಲಿ ಮಲಗಿಸೋದು ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. “ಖಾರ ತಿಂತಾರೇನು ಅವರು?” ಅಂದಳು. ಇಬ್ಬರು ನಮಗಿಂತ ಜಾಸ್ತಿ ತಿಂತಾರೆ, ಜರ್ಮನಿಯವಳಿಗೆ ಬೇರೆ ಪಲ್ಯ ಮಾಡಬೇಕಾಗುತ್ತದೆ ಅಂದೆ.