ನಾಲ್ಕು ಇಂಚು

ಮೊನ್ನೆ ಶನಿವಾರ ಪಕ್ಕದ ಮನೆಯಜ್ಜ ಕೆರೆ ದಂಡೆಯಲ್ಲಿ ನಿಂತು ನನ್ನನ್ನೊಂದು ಮಾತು ಕೇಳಿದರು. "ನಿನ್ನ ಫೋನು ಏನನ್ನುತ್ತೆ?" ಕೇಳಿದ್ದು ಇಷ್ಟೇ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಅದು ಇನ್ನೂ ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ.

ಕೆರೆ ಅಂದೆ, ಆದರೆ ನಮ್ಮ ತೀರ್ಥಹಳ್ಳಿ ಕಡೆಯ ಕೆರೆಗಳನ್ನು ನೆನೆಸಿಕೊಳ್ಳಬೇಡಿ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿಲ್ ಲ್ಯಾಕ್ಸ್ 200 ಚದರ ಮೈಲಿಗೂ ದೊಡ್ಡದು, ಆಚೆ ದಡ ಕಾಣುವುದಿಲ್ಲ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಮೇಲೆ ಜನ ನಡೆದು ಹೋಗಿ, ಬೈರಿಗೆಯಲ್ಲಿ ತೂತು ಕೊರೆದು, ಬೋಂಡಾ ಎತ್ತುವಂಥ ಜಾಲರಿ ಸೌಟಿನಲ್ಲಿ ಮಂಜಿನ ಚೂರು ಬಳಿದುಹಾಕಿ, ಗಾಳ ಇಳಿಬಿಟ್ಟು ಕೂರುತ್ತಾರೆ. ಹೆಪ್ಪು ಇನ್ನೂ ದಪ್ಪವಾದ ಮೇಲೆ ಕಾರು ಬರುತ್ತದೆ, ಆಮೇಲೆ ಒಲೆ, ಮಂಚ ಇರುವ ಪುಟ್ಟ ಮನೆಗಳನ್ನೇ ಎಳೆದು ತಂದು ನಿಲ್ಲಿಸುತ್ತಾರೆ. ಮೊದಲ ವರ್ಷ ವಿಡಿಯೊ ಕಾಲ್‌ನಲ್ಲಿ ಇದನ್ನು ತೋರಿಸಿದಾಗ ಅಮ್ಮ ಕಿರುಚಿದ್ದರು: "ನೀರಿನ ಮೇಲೆ ಕೂತಿದ್ದೀಯೇನೋ? ಮೊದಲು ಎದ್ದು ಬಾ!"

ಎಲ್ಲರ ಕಣ್ಣೂ ವಾಲ್‌ಐ ಎಂಬ ಮೀನಿನ ಮೇಲೆ. ಈ ರಾಜ್ಯದ ಅಧಿಕೃತ ಮೀನೇ ಅದು. ಟಾರ್ಚು ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ ಅದರ ಕಣ್ಣು. ಮಬ್ಬಿನಲ್ಲೇ ಚೆನ್ನಾಗಿ ಕಾಣುವುದರಿಂದ ಬೆಳಗಿನ ಜಾವ, ಮುಸ್ಸಂಜೆ ಅದಕ್ಕೆ ಬೇಟೆಯ ಹೊತ್ತು. ಆಗ ಗಾಳದ ತುದಿ ಒಂದು ಕೂದಲೆಳೆಯಷ್ಟು ಬಾಗುತ್ತದೆ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. (ನನ್ನವಳು ಒಮ್ಮೆ ವಾಟೆಹುಳಿ ಹಾಕಿ ಅದರ ಸಾರು ಮಾಡಿದ್ದಳು. ಅಜ್ಜ ಎರಡು ಸಲ ಹಾಕಿಸಿಕೊಂಡು ಉಂಡು, ಕೊನೆಗೆ "ಪಾಪ, ಒಳ್ಳೆ ಮೀನು" ಅಂದರು.)

ಈ ಅಜ್ಜನ ಗ್ಯಾರೇಜಿನ ಹಲಗೆ ಗೋಡೆಯ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ಬರೆದ ಒಂದು ಪಟ್ಟಿ ಇದೆ. ಪ್ರತಿ ವರ್ಷ ಮಂಜಿನ ಮೇಲೆ ಮೊದಲು ಕಾಲಿಟ್ಟ ದಿನ, ಪಕ್ಕದಲ್ಲಿ ಇಂಚು. ನಲವತ್ತು ವರ್ಷಕ್ಕೂ ಹೆಚ್ಚಿನ ಲೆಕ್ಕ. ಮೇಲಿನ ಸಾಲುಗಳಲ್ಲಿ ತಾರೀಖುಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಕೆಳಗೆ ಬಂದ ಹಾಗೆ ಹಿಂದೆ ಮುಂದೆ ಜಿಗಿಯುತ್ತವೆ. 2023-24ರ ಮುಂದೆ ಬರೀ ಒಂದು ಗೀಟು. ಆ ಚಳಿಗಾಲ ಇಲ್ಲಿನ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಡಿಸೆಂಬರ್ ಕೊನೆಯಲ್ಲಿ ಉತ್ತರದ ಅಪ್ಪರ್ ರೆಡ್ ಲೇಕ್‌ನಲ್ಲಿ ಮಂಜಿನ ದೊಡ್ಡ ಹಾಸು ದಡದಿಂದ ಕಿತ್ತುಕೊಂಡು ತೇಲಿಹೋಗಿ, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನು ಕರೆತರಬೇಕಾಯಿತು. ಅಜ್ಜ ಆ ವರ್ಷ ಹೋಗಲೇ ಇಲ್ಲ.

ಶನಿವಾರ ಹೋದೆವು. ಇಬ್ಬರ ಕೊರಳಲ್ಲೂ ಮೊಳೆ ಜೋಡಿಸಿದ ಹಿಡಿಗಳು. ಬಿದ್ದರೆ ಮಂಜಿಗೆ ಚುಚ್ಚಿ ಮೇಲೆ ಹತ್ತಬೇಕಲ್ಲ. ಅಜ್ಜನ ಕೈಯಲ್ಲಿ ಕಬ್ಬಿಣದ ಹಾರೆ. ಎರಡು ಹೆಜ್ಜೆಗೊಮ್ಮೆ ಕುಟ್ಟಬೇಕು, ಸದ್ದು ಕೇಳಬೇಕು, ಮುಂದೆ ಹೋಗಬೇಕು. ನಡೆಯುವವರಿಗೆ ಕನಿಷ್ಠ ನಾಲ್ಕು ಇಂಚು ಅನ್ನುವುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಅದೂ ಗಾಜಿನಂತಹ ಸ್ವಚ್ಛ ಮಂಜಾದರೆ ಮಾತ್ರ. ಬಿಳಿ ಮಂಜಿಗೆ ಅರ್ಧ ಶಕ್ತಿ, ಹಾಗಾಗಿ ಎರಡರಷ್ಟು ದಪ್ಪ ಬೇಕು. ಈಚೆಗೆ ಆಗುತ್ತಿರುವುದೂ ಅದೇ. ತೆಳು ಹೆಪ್ಪಿನ ಮೇಲೆ ಹಿಮ ಬೀಳುತ್ತದೆ. ಹಿಮ ಅಂದರೆ ಕಂಬಳಿ ಹೊದಿಸಿದ ಹಾಗೆ. ಚಳಿ ಕೆಳಗಿಳಿಯುವುದಿಲ್ಲ, ಹೆಪ್ಪು ಬೆಳೆಯುವುದಿಲ್ಲ. ನಡುವೆ ಒಂದು ಮಳೆ. ಹೌದು, ಡಿಸೆಂಬರಿನಲ್ಲಿ ಮಳೆ. ಮತ್ತೆ ಹೆಪ್ಪು. ಕೊನೆಗೆ ಪದರ ಪದರ ಚಿರೋಟಿ.

ಮೂರನೇ ತೂತಿನಲ್ಲಿ ಅಳತೆಪಟ್ಟಿ ಇಳಿಬಿಟ್ಟರು. ಮೂರೂವರೆ. ಅದರಲ್ಲಿ ಒಂದಿಂಚು ಬಿಳಿ. ಅಜ್ಜ ಮತ್ತೊಮ್ಮೆ ಕುಟ್ಟಿದರು, ತಲೆ ಓರೆ ಮಾಡಿ ಕೇಳಿಸಿಕೊಂಡರು. ಆ ಸದ್ದಿನಲ್ಲಿ ಎಲ್ಲ ತಿಳಿಯುತ್ತಿದ್ದ ಮನುಷ್ಯ. ಮೆಲ್ಲಗೆ ದಂಡೆಗೆ ವಾಪಸು ಬಂದು, ಹಾರೆಯನ್ನು ತೋಳಿಗೊರಗಿಸಿಕೊಂಡು, ನನ್ನ ಮುಖ ನೋಡದೆ ಆ ಮಾತು ಕೇಳಿದರು.

ಫೋನು 27 ಡಿಗ್ರಿ ಅಂತು, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಕಾಲಡಿ ಏನಿದೆಯೆಂದು ಅದಕ್ಕೇನು ಗೊತ್ತು? ಗಾಳಕ್ಕೆಂದು ಕೊಂಡ ಮೀನಿನ ಮರಿಗಳ ಬಕೆಟ್ಟು ಮುಚ್ಚಳ ತೆಗೆಯದೆಯೇ ವಾಪಸು ಬಂತು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನೀರು ಕುಲುಕುವ ಸದ್ದೊಂದೇ.

"ಫೋನ್ ನೋಡಿ ದೊಡ್ಡಪ್ಪ, ಸುಮ್ನೆ ಯಾಕೆ ನಕ್ಷತ್ರ ಎಣಿಸ್ತೀರಾ?" ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಜಗಲಿಯಲ್ಲಿ ಎಲ್ಲರೆದುರು ಹೀಗಂದವನು ನಾನೇ. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕು ಪಂಚಾಂಗ ಮಡಚಿಟ್ಟರು.

ಆರಿದ್ರಾ ಮಳೆ ಹಿಡಿಯಿತು ಅಂದರೆ ನಮ್ಮನೆಯಲ್ಲಿ ಹತ್ತುಮೀನಿನ ಕಾಲ. ಹಳ್ಳ ತುಂಬಿ ಗದ್ದೆಗೆ ನೀರು ನುಗ್ಗಿದ ರಾತ್ರಿ ಹೊಳೆಯ ಮೀನು ಮೇಲಕ್ಕೆ ಹತ್ತುತ್ತದೆ, ಮೊಟ್ಟೆಯಿಡಲಿಕ್ಕೆ. ಗೊರಬು ಹಾಕಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕತ್ತಿ. ಮೀನು ಬೀಳುವ ಕೂಣಿ ಎಲ್ಲಿ ಇಡಬೇಕೆಂದು ದೊಡ್ಡಪ್ಪ ನೀರಿನ ಸದ್ದು ಕೇಳಿಯೇ ಹೇಳುತ್ತಿದ್ದರು. "ಇವತ್ತಲ್ಲ, ನಾಳೆ" ಅಂದರೆ ನಾಳೆಯೇ. ಈಗ ಆರಿದ್ರಾ ಒಣಗಿ ಹೋಗುತ್ತದೆ, ಬೇಡದ ತಿಂಗಳಲ್ಲಿ ಸುರಿಯುತ್ತದೆ, ಅವರ ಎಣಿಕೆ ತಪ್ಪುತ್ತದೆ.

ಹತ್ತುಮೀನು ಕಡಿಮೆಯಾದದ್ದನ್ನೆಲ್ಲ ಮಳೆಯ ಮೇಲೇ ಹಾಕುವುದು ಮಾತ್ರ ಸುಳ್ಳಾದೀತು. ಇಲ್ಲಿ ಫೆಬ್ರವರಿ ಕೊನೆಗೆ ವಾಲ್‌ಐ ಹಿಡಿಯುವುದು ಬಂದ್. ಮೊಟ್ಟೆಯಿಟ್ಟಾಗಲಿ ಅಂತ ಮೇ ತಿಂಗಳವರೆಗೆ ಮುಟ್ಟುವ ಹಾಗಿಲ್ಲ. ಅಜ್ಜ ಅಳತೆಗೆ ಕೂಡದ ಮೀನನ್ನು ಹಿಡಿದ ತೂತಿಗೇ ಬಿಡುತ್ತಾರೆ, ನೋಡುವವರು ಯಾರೂ ಇಲ್ಲದಾಗಲೂ. ನಮಗೋ, ಬಸುರಿ ಮೀನೇ ಹಬ್ಬ. ಕತ್ತಿ ಹಿಡಿದು ನಾನೂ ನಿಂತವನೇ. ಆಮೇಲೆ ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಸುರಿಯುವವರು ಬಂದರು, ಮಡುವಿಗೆ ಸಿಡಿಮದ್ದಿನ ತೋಟೆ ಎಸೆಯುವವರು ಬಂದರು. ದೇವಸ್ಥಾನದ ಮೆಟ್ಟಿಲ ಬಳಿ ಅದೇ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವವರೂ ನಾವೇ.

ಭಾನುವಾರ ರಾತ್ರಿ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಅಂಗಳದ ತುಂಬ ಅಡಿಕೆ ಹರವಿದ್ದರಂತೆ.

"ದೊಡ್ಡಪ್ಪ, ಮೋಡ ಹೇಗಿದೆ?"

"ನಿನ್ನ ಫೋನಲ್ಲಿ ಇರ್ತದಲ್ಲ ಮಾರಾಯ."

"ಇಲ್ಲ, ನೀವು ಹೇಳಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ತಡಿ" ಅಂದು ಫೋನನ್ನು ಜಗಲಿ ಮೇಲಿಟ್ಟ ಸದ್ದು, ಮೆಟ್ಟು ಎಳೆದುಕೊಂಡು ಹೋದ ಸದ್ದು, ದೂರದಲ್ಲಿ ಯಾವುದೋ ಹುಂಜ. ಬಂದರು.

"ಗಾಳಿ ಸರಿ ಇಲ್ಲ. ರಾತ್ರಿಗೆ ಟಾರ್ಪಾಲು ಹಾಕ್ಬೇಕು. ಅಮ್ಮ ಹೇಳ್ತಿದ್ಲು, ಅಲ್ಲಿ ಮೀನಿಗೆ ಹೋಗಿದ್ಯಂತೆ. ಎಷ್ಟು ಇಂಚಿತ್ತು?"

"ಮೂರೂವರೆ."

"ಹೋಗ್ಬೇಡ."