ದೊಡ್ಡಮ್ಮನ ಮಣೆ
ಬೆಳಗ್ಗೆ ದೊಡ್ಡಮ್ಮ ಸಣ್ಣ ಮಣೆ ಮೇಲೆ ಕೂತು ಬಾಗಿಲ ಮುಂದೆ ರಂಗೋಲಿ ಹಾಕ್ತಾ ಇದ್ರು, ಒಂದು ಸಾಲು ಮುಗಿದ್ರೆ ಮಣೆ ಸರಿಸ್ಕೊಂಡು ಮುಂದಿನ ಚುಕ್ಕಿಗೆ. 76 ವರ್ಷ ಅವ್ರಿಗೆ. "ವಯಸ್ಸಾಯ್ತಲ್ಲ ದೊಡ್ಡಮ್ಮ, ಬಿಡಿ ನಾನ್ ಹಾಕ್ತೀನಿ" ಅಂದ್ಬಿಟ್ಟೆ. "ಮಂಡಿ ನೋಯತ್ತೆ ಕಣೇ, ಅದಕ್ಕೆ ಮಣೆ ಇದೆ. ವಯಸ್ಸು ಅಂತ ಯಾಕಂತೀಯಾ?" ಅಂದ್ರು, ಬೆರಳ ಸಂದಿಯಿಂದ ಪುಡಿ ಒಂದೇ ಸಮ ಇಳೀತಾನೇ ಇತ್ತು.

ಆಗಿಂದ ತಲೇಲಿ ಅದೇ. ಅಮೆರಿಕದ ಯೇಲ್ ಯೂನಿವರ್ಸಿಟಿಯ ಬೆಕಾ ಲೆವಿ ಅವ್ರ 2002ರ ಸ್ಟಡಿ ನೆನಪಾಯ್ತು, ಒಹಾಯೋದ ಒಂದು ಸಣ್ಣ ಊರಲ್ಲಿ 50 ದಾಟಿದ 660 ಜನ ತಮಗೆ ವಯಸ್ಸಾಗೋದ್ರ ಬಗ್ಗೆ ಏನಂದ್ಕೊಂಡಿದ್ರು ಅಂತ ಕೇಳಿಟ್ಕೊಂಡಿದ್ದನ್ನ ಇಪ್ಪತ್ತು ಚಿಲ್ಲರೆ ವರ್ಷ ಆದ್ಮೇಲೆ ನೋಡಿದ್ರೆ, ಒಳ್ಳೆ ಭಾವನೆ ಇಟ್ಕೊಂಡವ್ರು ಸುಮಾರು 7.5 ವರ್ಷ ಜಾಸ್ತಿ ಬದುಕಿದ್ರು. ಆರೋಗ್ಯ, ದುಡ್ಡು, ಒಂಟಿತನ ಎಲ್ಲಾ ಲೆಕ್ಕಕ್ಕೆ ತಗೊಂಡ್ರೂ ವ್ಯತ್ಯಾಸ ಉಳೀತು. ಬದುಕ್ಬೇಕು ಅನ್ನೋ ಆಸೆಯೂ ಅದಕ್ಕೆ ಒಂದು ಕಾರಣ ಅಂತೆ.

ನಾವೋ ಮನೇಲಿ ಪ್ರತಿ ನೋವಿಗೂ "ವಯಸ್ಸಾಯ್ತಲ್ಲ" ಅಂದು ಅಂದು ಅವ್ರನ್ನೂ ನಂಬಿಸ್ಬಿಡ್ತೀವಿ, ಆಮೇಲೆ ಅವ್ರು ಡಾಕ್ಟ್ರ ಹತ್ರಾನೂ ಹೋಗಲ್ಲ, ವಾಕಿಂಗೂ ಬಿಡ್ತಾರೆ. ನಂಗೆ ನಿಜವಾಗ್ಲೂ ಬೇಜಾರಾಯ್ತು. ಶನಿವಾರ ದೊಡ್ಡಮ್ಮನ್ನ ಮೂಳೆ ಡಾಕ್ಟ್ರಿಗೆ ತೋರಿಸ್ಕೊಂಡ್ ಬರ್ತೀನಿ. ನಾಳೆ ಚುಕ್ಕಿ ನಾನು ಇಡೋದು, ಎಳೆ ಅವ್ರು ಎಳೆಯೋದು ಅಂತ ಮಾತಾಗಿದೆ.