ಮಳೆಗಾಲದ ಉಡುಪಿ, ಆರು ಮಂಚದ ಕೋಣೆ

ಕಳೆದ ಜುಲೈಯಲ್ಲಿ ತುಮಕೂರಿನಿಂದ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಆರಕ್ಕೆ ಉಡುಪಿಯಲ್ಲಿ ಇಳಿದೆ. ಒಬ್ಬಳೇ. ಮೂರು ದಿನ ರಜೆ ಇತ್ತು. ಬಸ್ಸಿನಿಂದ ಅಂಗಡಿಯ ಸೂರಿಗೆ ಓಡುವಷ್ಟರಲ್ಲೇ ಮಳೆ ಪೂರ್ತಿ ತೋಯಿಸಿಬಿಟ್ಟಿತ್ತು.

ಮೊದಲು ಕೇಳಿದ ಲಾಡ್ಜಿನಲ್ಲಿ "ಒಬ್ಬರೇ ಹೆಂಗಸರಿಗೆ ರೂಮ್ ಕೊಡುವುದಿಲ್ಲ" ಎಂದರು. ಆಧಾರ್ ತೋರಿಸಿದೆ, ಕೆಲಸದ ಐಡಿ ಕಾರ್ಡ್ ತೋರಿಸಿದೆ. ಆಗುವುದಿಲ್ಲ ಅಂದರೆ ಆಗುವುದಿಲ್ಲ. ಸಿಟ್ಟಿಗಿಂತ ಜಾಸ್ತಿ ಅವಮಾನ ಆಯಿತು. ನನ್ನ ದುಡ್ಡು, ನನ್ನ ರಜೆ, ಜೊತೆಗೆ ಗಂಡಸು ಇಲ್ಲ ಅನ್ನುವುದು ಮಾತ್ರ ಅವರಿಗೆ ಕಂಡಿತು. ಬ್ಯಾಗು ಹೊತ್ತು ಮತ್ತೆ ಮಳೆಗೆ ಇಳಿದೆ.

ಆಫೀಸಿನ ಗೆಳತಿಯೊಬ್ಬಳು ಮಲ್ಪೆ ಕಡೆ ಪ್ರವಾಸಿಗರು ಇಳಿಯುವ ಒಂದು ಹಾಸ್ಟೆಲ್ ಇದೆ ಎಂದಿದ್ದಳು. ಫೋನ್ ಮಾಡಿದೆ. "ಬನ್ನಿ, ಹೆಂಗಸರ ಡಾರ್ಮಿನಲ್ಲಿ ಒಂದು ಬೆಡ್ ಉಂಟು" ಎಂದರು. ಡಾರ್ಮ್ ಅಂದರೆ ಹಲವರು ಹಂಚಿಕೊಳ್ಳುವ ಕೋಣೆ, ಬಾಡಿಗೆ ನಮ್ಮ ಮಂಚಕ್ಕೆ ಮಾತ್ರ. ರಾತ್ರಿಗೆ 500 ರೂಪಾಯಿ. ಯಾಕೆ ಒಬ್ಬರೇ ಬಂದಿರಿ ಎಂದು ಕೇಳಲೇ ಇಲ್ಲ. ರಿಕ್ಷಾ ಹಿಡಿದೆ.

ಅಮ್ಮನಿಗೆ ಹೇಳಿದಾಗ ಗಾಬರಿ. "ಹಾಸ್ಟೆಲ್ ಅಂದ್ರೆ ಓದೋ ಮಕ್ಕಳಿರೋ ಜಾಗ ಅಲ್ವೇನೆ? ಗುರುತಿಲ್ಲದವರ ಜೊತೆ ಮಲಗ್ತೀಯಾ?" ಅವಳಿಗೆ ಧೈರ್ಯ ಹೇಳಿದೆನಾದರೂ ನನಗೂ ಅಳುಕು ಇತ್ತು.

ಕೋಣೆಯಲ್ಲಿ ಮೇಲೊಂದು ಕೆಳಗೊಂದರಂತೆ ಆರು ಮಂಚ. ಪ್ರತಿ ಮಂಚಕ್ಕೂ ಪರದೆ, ತಲೆಯ ಹತ್ತಿರ ಪುಟ್ಟ ಲೈಟು, ಫೋನ್ ಚಾರ್ಜ್ ಮಾಡಲು ಪ್ಲಗ್ಗು, ಸಾಮಾನಿಗೆ ಲಾಕರು. ಬೀಗ ಮಾತ್ರ ನಾವೇ ತರಬೇಕು. ನನ್ನ ಹತ್ತಿರ ಇರಲಿಲ್ಲ. ಎದುರಿನ ಮಂಚದ ಹುಡುಗಿ ತನ್ನಲ್ಲಿದ್ದ ಇನ್ನೊಂದು ಬೀಗ ಕೊಟ್ಟಳು. ಮಾತು ಶುರುವಾದದ್ದು ಹಾಗೆ. ಧಾರವಾಡದವಳು, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ನಾನು ಸೇಂಟ್ ಮೇರೀಸ್ ದ್ವೀಪ ನೋಡಲು ಬಂದೆ ಎಂದಾಗ ಅವಳ ಮುಖ ಸಣ್ಣಗಾಯಿತು. "ಮಳಿಗಾಲದಾಗ ಬೋಟ್ ಬಿಡಂಗಿಲ್ರಿ ಅಕ್ಕಾ."

ನಾನು ಬಂದದ್ದೇ ಅದಕ್ಕೆ! ವಿಚಾರಿಸದೆ ಬಂದಿದ್ದೆ. ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಇದ್ದಿದ್ದರೆ ಟಿವಿ ಹಾಕಿಕೊಂಡು, ಮರುದಿನವೇ ವಾಪಸ್ ಬಸ್ ಹತ್ತುತ್ತಿದ್ದೆ.

ಸಂಜೆ ಕರೆಂಟು ಹೋಯಿತು. ಎಲ್ಲರೂ ಅಡುಗೆಮನೆಗೆ ಬಂದೆವು. ಅಲ್ಲಿ ಯಾರು ಬೇಕಾದರೂ ಅಡುಗೆ ಮಾಡಿಕೊಳ್ಳಬಹುದು, ಪಾತ್ರೆ ತೊಳೆದಿಟ್ಟರೆ ಸಾಕು. ಅಲ್ಲಿ ಕೆಲಸ ಮಾಡುವ ಅಕ್ಕ, ಮಲ್ಪೆಯವರೇ, ಅವತ್ತು ಪತ್ರೊಡೆಗೆ ಕೂತಿದ್ದರು. ಕೆಸುವಿನ ಎಲೆ ಮೇಲೆ ಅಕ್ಕಿ, ಮೆಣಸು, ಹುಣಸೆಹಣ್ಣು ರುಬ್ಬಿದ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು ಸುತ್ತುವುದು. ನಾನೂ ಕೈ ಹಾಕಿದೆ. "ಹುಳಿ ಕಮ್ಮಿ ಮಾಡ್ಬೇಡಿ ಮಾರಾಯ್ತಿ, ಗಂಟಲು ತುರಿಸ್ತದೆ" ಎಂದರು. ಸುತ್ತಿದ್ದೆಲ್ಲ ಹಬೆಗೆ ಹೋಯಿತು.

ಅದು ಬೇಯುವಷ್ಟರಲ್ಲಿ ಧಾರವಾಡದ ಹುಡುಗಿ ದ್ವೀಪವನ್ನೇ ಮೇಜಿನ ಮೇಲೆ ತಂದಿಟ್ಟಳು. ಜನವರಿಯಲ್ಲಿ ಕಾಲೇಜಿನವರ ಜೊತೆ ಅಲ್ಲಿಗೆ ಹೋಗಿದ್ದಳಂತೆ. ಫೋನಿನಲ್ಲಿ ಫೋಟೊ ತೋರಿಸುತ್ತಾ ಹೋದಳು. ಕಂಬ ಕಂಬವಾಗಿ ನಿಂತ ಕಲ್ಲುಗಳು, ಎಷ್ಟೋ ಕಂಬಗಳಿಗೆ ಆರು ಮುಖ. ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ, ಆ ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಕಂಬ ಆಗುತ್ತದೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಡೆಯುವುದಿಲ್ವಾ, ಹಾಗೆ. ಇದು ಆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಈಗ ಆಫ್ರಿಕಾ ಪಕ್ಕ ಇರುವ ಮಡಗಾಸ್ಕರ್ ದ್ವೀಪ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ನಾನು ಒಬ್ಬಳೇ ಆ ದ್ವೀಪಕ್ಕೆ ಹೋಗಿದ್ದರೆ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಿದ್ದೆ, ಅಷ್ಟೇ.

ಕೆಳಗಿನ ಮಂಚದಲ್ಲಿ ಶಿರಸಿಯ ನಿವೃತ್ತ ಟೀಚರ್ ಇದ್ದರು. ಅವರ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಪಿಂಚಣಿ ದುಡ್ಡಲ್ಲಿ ಊರೂರು ಸುತ್ತುತ್ತಾರೆ, ಆದಷ್ಟು ಹಾಸ್ಟೆಲಿನಲ್ಲೇ ಇಳಿಯುತ್ತಾರೆ. "ಈ ಹಾಸ್ಟೆಲ್ ಅನ್ನೋದು ಹುಟ್ಟಿದ್ದೇ ಮಳೆಯಿಂದ, ಗೊತ್ತಾ ತಂಗಿ?" ಎಂದು ಶುರು ಮಾಡಿದರು. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯಲ್ಲಿ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ. ಒಂದು ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಶಾಲೆಗಳು ಖಾಲಿ ಇರುತ್ತವಲ್ಲ, ಅಲ್ಲೇ ಹೀಗೆ ಉಳಿಯಬಹುದಲ್ಲ ಎಂದು ಅವರಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೇ ಕೋಟೆಯಲ್ಲಿ ಯೂತ್ ಹಾಸ್ಟೆಲ್ ತೆರೆದರು. ಅಕ್ಕೋರು ಇದನ್ನು ಹೇಳುವಾಗ ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ನಿಂತಿದ್ದು ನೆನಪಾಗಿ ನನಗೆ ಕಣ್ಣು ತುಂಬಿ ಬಂತು.

ಮರುದಿನ ಮೂವರೂ ಜೊತೆಗೆ ಹೊರಟೆವು. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅದು. ಬಲೆ ಹೆಣೆಯುತ್ತಿದ್ದವರ ಪಕ್ಕ ಅಕ್ಕೋರು ಅರ್ಧ ಗಂಟೆ ಕೂತರು. ಆಮೇಲೆ ಬಸ್ಸಿನಲ್ಲಿ ಕಾಪು. 1901ರ ದೀಪಸ್ತಂಭ, ಅದರ ಬಂಡೆಗೆ ಅಪ್ಪಳಿಸುವ ಕೆಂಪು ನೀರು. ಒಬ್ಬಳೇ ಆಗಿದ್ದರೆ ಅಂಥ ಮಳೆಯಲ್ಲಿ ಆ ಕಡಲ ಹತ್ತಿರ ಹೋಗುವ ಧೈರ್ಯ ನನಗೆ ಬರುತ್ತಿರಲಿಲ್ಲ. ದೂರದಲ್ಲೇ ನಿಂತು ನೋಡಿದೆವು, ಅಷ್ಟು ಸಾಕಾಯಿತು. ಮಧ್ಯಾಹ್ನ ಕೃಷ್ಣಮಠದಲ್ಲಿ ಊಟ.

ಎಲ್ಲವೂ ಸುಖ ಅಂತಲ್ಲ. ಒಬ್ಬರು ಗೊರಕೆ ಹೊಡೆಯುತ್ತಿದ್ದರು, ಇನ್ನೊಬ್ಬರ ಅಲಾರಂ ನಾಲ್ಕಕ್ಕೇ ಬಾರಿಸಿತು. ನಿದ್ದೆ ಸೂಕ್ಷ್ಮ ಇರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ಹೆಂಗಸರಿಗೆ ಬೇರೆ ಡಾರ್ಮ್ ಇದೆಯಾ, ರಾತ್ರಿ ಕೌಂಟರಿನಲ್ಲಿ ಯಾರಾದರೂ ಇರುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಸಣ್ಣ ಮಕ್ಕಳಿರುವವರಿಗೆ ಡಾರ್ಮ್ ಬೇಡ. ಎಷ್ಟೋ ಹಾಸ್ಟೆಲುಗಳಲ್ಲಿ ಬೇರೆ ರೂಮುಗಳೂ ಇರುತ್ತವೆ.

ಹೊರಡುವ ದಿನ ಬಟ್ಟೆ ಇನ್ನೂ ಒಣಗಿರಲಿಲ್ಲ. ಅಡುಗೆಮನೆ ಅಕ್ಕ ಬಾಳೆಲೆಯಲ್ಲಿ ಪತ್ರೊಡೆ ಕಟ್ಟಿಕೊಟ್ಟರು. ಬೀಗ ವಾಪಸ್ ಕೊಡಲು ಹೋದರೆ ಧಾರವಾಡದ ಹುಡುಗಿ ತೆಗೆದುಕೊಳ್ಳಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾ, ಮುಂದಿನ ಸಲ ಬೇಕಾಗ್ತದ."

ಡಿಸೆಂಬರಿಗೆ ಮೂರು ಬೆಡ್ ಬುಕ್ ಮಾಡಿದ್ದೇನೆ, ಅದೇ ಕೋಣೆಯಲ್ಲಿ. ಅಷ್ಟರಲ್ಲಿ ಬೋಟ್ ಶುರುವಾಗಿರುತ್ತದೆ. ಕೆಳಗಿನ ಮಂಚ ಅಕ್ಕೋರಿಗೆ.